ಬೆರಳಿಗೆ ಶಾಯಿ ಹಾಕಿಸಿಕೊಂಡ ಕಾಕು

ಕಸೂತಿಯ ಸೂಜಿ ಚುಚ್ಚಿ ಚುಚ್ಚಿ ಅವರ ಎಡಗೈ ತೋರುಬೆರಳ ತುದಿ ಗಡುಸಾಗಿತ್ತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಧಾರವಾಡದ ಹೆಂಗಸು, ನಮಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಆ ಬೆರಳೆತ್ತಿ ಬೈದರೆ ನಾವು ತೆಪ್ಪಗಾಗುತ್ತಿದ್ದೆವು. ಬೈದು ಮುಗಿಸಿ ಬಿಸಿ ಭಕ್ಕರಿ ಬಡಿಸುತ್ತಿದ್ದರು, ಹಾಗಾಗಿ ಬೈಗುಳಕ್ಕೆ ನಾನೇ ದಾರಿ ಮಾಡಿಕೊಡುತ್ತಿದ್ದೆ.

ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಅವರಿಗೆ ಅಲ್ಲಿನ ಪೌರತ್ವ ಸಿಕ್ಕಿತು. ಅಧ್ಯಕ್ಷರ ಚುನಾವಣೆಯಲ್ಲಿ ಅವರದು ಮೊದಲ ಓಟು. ಕಾರು ಓಡಿಸಲು ಬಾರದ ಅವರನ್ನು ಆಫೀಸು ಮುಗಿಸಿ ಬಂದು ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೆ. ಸಂಜೆ ಹೋದರೆ ಇಳಕಲ್ ಸೀರೆಯುಟ್ಟು ಸಿದ್ಧರಾಗಿದ್ದರು. ಟೀವಿಯಲ್ಲಿ ಮಾತ್ರ ಗೆದ್ದವರ ಹೆಸರು ಆಗಲೇ ಬಂದಿತ್ತು. ಗಡಿಯಾರ ನಮಗಿಂತ ಮೂರು ಗಂಟೆ ಮುಂದಿರುವ ಪೂರ್ವದ ರಾಜ್ಯಗಳ ಎಣಿಕೆಯಲ್ಲೇ ಎಲ್ಲ ತೀರ್ಮಾನವಾಗಿತ್ತು. ನಮ್ಮಲ್ಲಿ ಮತದಾನ ಮುಗಿಯಲು ಇನ್ನೂ ಮೂರು ಗಂಟೆಯಿತ್ತು.

ಕಾಕು ಮೆಚ್ಚಿದ ಅಭ್ಯರ್ಥಿ ಸೋತಿದ್ದರು. ನಾಲ್ಕು ವರ್ಷದ ಹಿಂದೆ ಇಂಥದೇ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ, ಓಟು ಹಾಕದೆ ಫ್ರೀವೇಯಿಂದ ನೇರ ಮನೆಗೆ ಹೋಗಿದ್ದ ಮಹಾನುಭಾವ ನಾನು.

"ಕಾಕು, ಎಲ್ಲಾ ಮುಗೀತು. ಇನ್ನು ಹೋಗಿ ಏನು ಪ್ರಯೋಜನ?" ಎಂದೆ.

ಬೆರಳು ಮೇಲೆದ್ದಿತು. "ಅಲ್ಲೋ ತಮ್ಮಾ, ನಾವಿನ್ನೂ ಊಟಕ್ಕ ಕೂತಿಲ್ಲ, ಅವರು ಎಲಿ ಎತ್ತಿದ್ರಂತ? ನಡಿ, ಗಾಡಿ ತಗಿ!"

ಮತಗಟ್ಟೆ ಎರಡು ಬೀದಿಯಾಚೆ, ಯಾರದೋ ಮನೆಯ ಗರಾಜಿನಲ್ಲಿ, ಬಟ್ಟೆ ಒಗೆಯುವ ಮಷೀನಿನ ಪಕ್ಕ. ಓಟು ಹಾಕಲು ಸೂಜಿಯಂಥ ಕಡ್ಡಿಯಿಂದ ಕಾರ್ಡಿಗೆ ತೂತು ಮಾಡಬೇಕಿತ್ತು. ಕಾಕುಗೆ ಅದು ಎಡಗೈ ಕೆಲಸ. ಕಾರ್ಡನ್ನು ಪೆಟ್ಟಿಗೆಗೆ ಹಾಕಿ ನೇರ ಮೇಜಿನ ಬಳಿ ಬಂದು, ಮತಗಟ್ಟೆ ನೋಡಿಕೊಳ್ಳುತ್ತಿದ್ದ ಬಿಳಿಗೂದಲಿನ ಅಜ್ಜಿಯ ಮುಂದೆ ತೋರುಬೆರಳು ಚಾಚಿ ನಿಂತರು. ಕಡ್ಡಿ ಚುಚ್ಚಿತೆಂದು ಗಾಬರಿಯಾದ ಅಜ್ಜಿ ಬ್ಯಾಂಡೇಜು ತಂದಳು!

"ಪಟ್ಟಿ ಬ್ಯಾಡ, ಶಾಯಿ ಹಚ್ಚಂತ ಹೇಳೋ," ಎಂದರು ಕಾಕು. ನಮ್ಮೂರಿನ ಪದ್ಧತಿಯನ್ನು ನಾನು ವಿವರಿಸಿದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ, ತನ್ನ ಪೆನ್ನು ತೆಗೆದು, ಕಾಕುವಿನ ಕೈ ಹಿಡಿದು, ಉಗುರಿನ ಮೇಲೆ ಗೀಟೆಳೆದಳು.

"ಹಾಂ, ಈಗ ಖರೇ ಆತು."

ನಾನೂ ಸಾಲಿಗೆ ನಿಂತೆ. ಬೇರೆ ದಾರಿ ಎಲ್ಲಿತ್ತು?

ಒಂದನ್ನು ಬಿಟ್ಟು ಎಲ್ಲ ರಾಜ್ಯಗಳೂ ಗೆದ್ದವರ ಪಾಲಾದವು. ಕ್ಯಾಲಿಫೋರ್ನಿಯಾವೂ ತನ್ನ ಹಳೆಯ ಗವರ್ನರಾಗಿದ್ದ ಅವರನ್ನೇ ಆರಿಸಿತ್ತು. ಎಣಿಕೆಯೆಲ್ಲ ಮುಗಿದ ಮೇಲೆ ಒಂದು ದಿನ ಕಾಕು ಪೇಪರಿನಲ್ಲಿ ನಮ್ಮ ರಾಜ್ಯದ ಲೆಕ್ಕ ಹುಡುಕಿ, ಸೋತವರ ಮತಗಳ ಉದ್ದನೆಯ ಸಂಖ್ಯೆಯ ಕೊನೆಯಂಕಿಯ ಮೇಲೆ ಬೆರಳಿಟ್ಟರು. "ನೋಡು, ನಾ ಹೋಗದಿದ್ರ ಇದರಾಗ ಒಂದು ಕಮ್ಮಿ ಬೀಳತಿತ್ತು." ಸೋತ ಪಕ್ಷದವರು ಅಷ್ಟು ಖುಷಿಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಂದು ಸಂಜೆ ಹೋಳಿಗೆ ಬೇರೆ ಮಾಡಿದ್ದರು.

ಕಾಕು ಹೋಗಿ ಬಹಳ ವರ್ಷವಾಯಿತು. ಈಗ ಓಟಿನ ಕಾಗದ ಅಂಚೆಯಲ್ಲಿ ಮನೆಗೇ ಬರುತ್ತದೆ. ಒಂದು ಚುನಾವಣೆಯನ್ನೂ ನಾನು ತಪ್ಪಿಸಿಲ್ಲ. ಲಕೋಟೆ ಅಂಟಿಸಿದ ಮೇಲೆ, ಮಗಳು ನಗುತ್ತಿದ್ದರೂ, ಓಟು ಹಾಕಿದ ಪೆನ್ನಿನಿಂದಲೇ ಎಡಗೈ ತೋರುಬೆರಳ ಉಗುರಿಗೆ ಒಂದು ಗೀಟೆಳೆದುಕೊಳ್ಳುತ್ತೇನೆ.