ಬೇಲಿ ಕೇಳಿದ ಕೆಂಚಮ್ಮ

ಕಂದಿಕೆರೆಯಿಂದ ಎರಡು ಮೈಲಿ ಆಚೆಯ ಹಳ್ಳಿಯೊಂದರಲ್ಲಿ ನಾನು ಹದಿನೇಳು ವರ್ಷ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದೆ. ಶಾಲೆಯ ಹಿಂದೆಯೇ ಮೇದರ ಕೇರಿ. ಹನ್ನೊಂದು ಮನೆ. ಪಾಠ ಹೇಳುವಾಗ ಬಿದಿರು ಸೀಳುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಆ ಕೇರಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬುಟ್ಟಿ ಹೆಣೆಯುತ್ತಿದ್ದವರು ಕೆಂಚಮ್ಮ. ಅವರ ಬುಟ್ಟಿಯಲ್ಲಿ ನೀರು ತುಂಬಿಕೊಂಡು ಹತ್ತು ಹೆಜ್ಜೆ ನಡೆಯಬಹುದು ಎಂದು ಊರಿನವರು ತಮಾಷೆ ಮಾಡುತ್ತಿದ್ದರು.

ಪ್ಲಾಸ್ಟಿಕ್ ಟಬ್ಬು ಬಂದ ಮೇಲೆ ಮೇದರ ಕಸುಬು ಮುಗಿಯಿತು ಎನ್ನುವವರಿದ್ದಾರೆ. ನಮ್ಮ ಕಡೆ ಅದು ಪೂರ್ತಿ ನಿಜವಲ್ಲ. ಕೊಬ್ಬರಿಯನ್ನು ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಬಿದಿರಿನ ಬುಟ್ಟಿಯಲ್ಲಿ ಗಾಳಿಯಾಡುತ್ತದೆ. ಹಾಗಾಗಿ ತೋಟದವರು, ಕೊಬ್ಬರಿ ಸುಲಿಸುವವರು ಕೆಂಚಮ್ಮನ ಮನೆ ಹುಡುಕಿಕೊಂಡು ಬರುತ್ತಲೇ ಇದ್ದರು. ಇಲ್ಲದ್ದು ಬಿದಿರು. ಗಂಡ ದಾಸಯ್ಯ ಇದ್ದಷ್ಟು ದಿನ ಮಲೆನಾಡಿನ ಕಡೆಯಿಂದ ಬರುವ ಲಾರಿಯವರನ್ನು ಕಾಡಿ ಬೇಡಿ ನಾಲ್ಕು ಹೊರೆ ಇಳಿಸಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದೂ ನಿಂತಿತು. ಗಿರಾಕಿ ಬಾಗಿಲಲ್ಲಿ ನಿಂತಿರುತ್ತಿದ್ದರು, ಕೆಂಚಮ್ಮ ಬರಿಗೈಯಲ್ಲಿ ಕೂತಿರುತ್ತಿದ್ದರು.

ಒಂದು ಮುಂಗಾರಿಗೆ ಅವರೇ ಬಿದಿರು ನೆಡಲು ಹೊರಟರು. ಕೇರಿಯ ಹಿಂದಿನ ಹಳ್ಳದ ದಂಡೆಯಲ್ಲಿ ಅರ್ಧ ಎಕರೆಯಷ್ಟು ಸರ್ಕಾರಿ ಜಾಗವಿತ್ತು. ಕಲ್ಲು, ಜಾಲಿ, ಊರಿನ ಕಸ. ತೋಟದ ಶಂಭುಲಿಂಗಯ್ಯನವರು ತಮ್ಮ ಬದುವಿನ ಬಿದಿರು ಮೆಳೆಯಿಂದ ಗಡ್ಡೆ ಕಿತ್ತುಕೊಳ್ಳಲು ಒಪ್ಪಿದರು. ಕೆಂಚಮ್ಮ, ಅವರ ಸೊಸೆ ಭಾನುಪ್ರಿಯಾ, ಕೇರಿಯ ಇನ್ನೂ ಐದು ಜನ ಹೆಂಗಸರು ಸೇರಿ ಜಾಲಿ ಕಡಿದು ನಲವತ್ತು ಗುಂಡಿ ತೋಡಿದರು. ಎರಡು ಬೇಸಿಗೆ ಶಾಲೆಯ ಬೋರ್‌ವೆಲ್ಲಿನಿಂದ ಬಿಂದಿಗೆಯಲ್ಲಿ ನೀರು ಹೊತ್ತರು. ಎರಡನೆಯ ಬೇಸಿಗೆಗೆ ಭಾನುಪ್ರಿಯಾ ಬಸುರಿ, ಆದರೂ ಹೊತ್ತಳು. ನಲವತ್ತರಲ್ಲಿ ಮೂವತ್ತನಾಲ್ಕು ಗಡ್ಡೆ ಹಿಡಿದವು.

ನಾಲ್ಕನೆಯ ವರ್ಷದ ಹೊತ್ತಿಗೆ ಮೆಳೆಗಳು ಆಳೆತ್ತರ ದಾಟಿದವು. ಇನ್ನೊಂದು ವರ್ಷ ಕಾದರೆ ಕಡಿಯಬಹುದಿತ್ತು. ತೊಂದರೆ ಒಂದೇ: ಮಳೆಗೆ ಹೊಸ ಕಳಲೆ ಮೂಡಿದರೆ ಸಾಕು, ಆಡು ಕುರಿ ನುಗ್ಗಿ ಮುರಿದು ತಿನ್ನುತ್ತಿದ್ದವು. ಕೆಂಚಮ್ಮ ನನ್ನ ಬಳಿ ಬಂದರು.

"ಮೇಷ್ಟ್ರೇ, ಒಂದು ಅರ್ಜಿ ಬರ್ಕೊಡಿ. ನಮ್ ಬಿದ್ರಿಗೆ ಬೇಲಿ ಬೇಕು. ಇನ್ನೇನೂ ಬ್ಯಾಡ."

ಬರೆದೆ. ಬರೆಯುತ್ತಾ ನನಗೇ ಅನ್ನಿಸಿತು, ಬರೀ ಬೇಲಿ ಕೇಳಿದರೆ ಆಫೀಸಿನಲ್ಲಿ ಯಾರು ತಿರುಗಿ ನೋಡುತ್ತಾರೆ? ಪರಿಶಿಷ್ಟ ಪಂಗಡದ ಏಳಿಗೆಗೆ ಎಂತೆಂಥದೋ ಯೋಜನೆಗಳಿವೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಕೊನೆಗೆ ಒಂದು ಸಾಲು ಸೇರಿಸಿದೆ: 'ಸದರಿ ಜಾಗದಲ್ಲಿ ಮೇದ ಜನಾಂಗದವರ ಅಭಿವೃದ್ಧಿಗಾಗಿ ಬಿದಿರು ಕರಕುಶಲ ಕೇಂದ್ರವನ್ನೂ ಮಂಜೂರು ಮಾಡಬೇಕೆಂದು ಕೋರುತ್ತೇವೆ.' ಓದಿ ಹೇಳುವಾಗ ಬೇಲಿಯ ಭಾಗವನ್ನಷ್ಟೇ ವಿವರಿಸಿದೆ. ಈ ಸಾಲು ಬಂದಾಗ "ಜೊತೆಗೆ ನಿಮಗೊಂದು ಶೆಡ್ಡು ಕೇಳಿದೀನಿ" ಎಂದೆ. ಏಳು ಜನ ಹೆಬ್ಬೆಟ್ಟು, ಸಹಿ ಹಾಕಿದರು.

ಏಳು ತಿಂಗಳ ನಂತರ ಜೀಪಿನಲ್ಲಿ ಅಧಿಕಾರಿಗಳು ಬಂದರು. ಒಳ್ಳೆಯ ಮಾತಿನ ಜನ. ಕೆಂಚಮ್ಮನ ಮೊರ ಹಿಡಿದು ಫೋಟೊ ತೆಗೆಸಿಕೊಂಡರು. ಕೇಂದ್ರ ಮಂಜೂರಾಗಿದೆ, ಬಿದಿರು ಸೀಳುವ ಮೆಷಿನ್ನೂ ಬರುತ್ತದೆ ಎಂದರು.

"ಬೇಲಿ ಸ್ವಾಮಿ?" ಎಂದರು ಕೆಂಚಮ್ಮ.

"ಬೇಲಿ ಯಾಕಮ್ಮ, ಕಾಂಪೌಂಡೇ ಬರುತ್ತೆ."

ಕೆಂಚಮ್ಮ ನನ್ನ ಕಡೆ ತಿರುಗಿ ನಕ್ಕರು. ಅಷ್ಟು ಸಂತೋಷವಾಗಿ ಅವರು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಏಪ್ರಿಲ್ ತಿಂಗಳ ಒಂದು ಸೋಮವಾರ ಕೆಂಚಮ್ಮ ಅಲ್ಲಿ ಇಲ್ಲಿ ಸಿಕ್ಕ ಬಿದಿರಿನಲ್ಲಿ ಹೆಣೆದ ನಾಲ್ಕು ಬುಟ್ಟಿ ಹೊತ್ತು ಚಿಕ್ಕನಾಯಕನಹಳ್ಳಿಗೆ ಹೋಗಿದ್ದರು. ಹತ್ತೂವರೆಗೆ ಭಾನುಪ್ರಿಯಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಶಾಲೆಗೆ ಓಡಿ ಬಂದಳು.

"ಮೇಷ್ಟ್ರೇ, ಬೇಗ ಬನ್ನಿ. ಜೆಸಿಬಿ ತಂದವ್ರೆ. ಮೆಳೆ ಕೀಳ್ತಾವ್ರೆ!"

ನಾನು ಹೋಗುವಷ್ಟರಲ್ಲಿ ಅರ್ಧ ಮುಗಿದಿತ್ತು. ಹಸಿರು ಬಿದಿರು ಅಡ್ಡಡ್ಡ ಬಿದ್ದು, ಬೇರು ಮೇಲಾಗಿ, ಅದರ ಮೇಲೆ ಗಾಲಿ ಹತ್ತಿ ಇಳಿಯುತ್ತಿತ್ತು. ಹೆಂಗಸರು ಸುತ್ತ ನಿಂತು ಕೂಗುತ್ತಿದ್ದರು. ಕೆಲಸ ಮಾಡಿಸುತ್ತಿದ್ದ ಎಂಜಿನಿಯರ್ ನನ್ನ ವಯಸ್ಸಿಗೆ ಬೆಲೆ ಕೊಟ್ಟು ಫೈಲು ತೆರೆದು ತೋರಿಸಿದ.

"ನಾವೇನೂ ಬೇರೆ ಜಾಗಕ್ಕೆ ಬಂದಿಲ್ಲ ಸಾರ್. ಇದೇ ಸರ್ವೆ ನಂಬರು. ನೋಡಿ, ಸದರಿ ಜಾಗದಲ್ಲಿ ಅಂತ ಅವರೇ ಕೇಳಿದಾರೆ. ದಾಖಲೆಯಲ್ಲಿ ಇದು ಖಾಲಿ ಜಾಗ."

ಫೈಲಿನ ಮೇಲಿದ್ದದ್ದು ನನ್ನ ಅಕ್ಷರದ ಅರ್ಜಿ. ಪಕ್ಕಕ್ಕೆ ಕಟ್ಟಿ ಎಂದೆ, ಒಂದು ದಿನ ನಿಲ್ಲಿಸಿ ಎಂದೆ. ಅವನು ಯಾರಿಗೋ ಫೋನು ಮಾಡಿದ. ನಿಲ್ಲಿಸಿದರೆ ಮಂಜೂರಾತಿಯೇ ರದ್ದಾಗುತ್ತದಂತೆ. ಮಧ್ಯಾಹ್ನದ ಹೊತ್ತಿಗೆ ಆರು ಮೆಳೆ ಉಳಿದಿದ್ದವು. ಜಲ್ಲಿ ಲಾರಿಗೆ ದಾರಿ ಬೇಕೆಂದು ಅವನ್ನೂ ತೆಗೆದರು.

ಕೆಂಚಮ್ಮ ಮೂರು ಗಂಟೆಯ ಬಸ್ಸಿಗೆ ಬಂದರು. ಹಳ್ಳದ ದಂಡೆಯಲ್ಲಿ ಒಂದು ಗಳಿಗೆ ನಿಂತರು. ಸೀರೆ ಸಿಕ್ಕಿಸಿಕೊಂಡು ಕಿತ್ತುಬಿದ್ದ ಗಡ್ಡೆಗಳನ್ನು ಒಂದೊಂದಾಗಿ ಎಳೆದು ಹುಣಸೆಮರದ ನೆರಳಿಗೆ ಹಾಕತೊಡಗಿದರು. ಸೊಸೆ "ಅತ್ತೆ, ಇವ್ನ ಎಲ್ಲಿ ನೆಡಾನ? ಜಾಗ ಎಲ್ಲೈತೆ?" ಎಂದಳು. ಅವರು ನಿಲ್ಲಲಿಲ್ಲ. ಕತ್ತಲಾಗುವ ಮೊದಲು ಹತ್ತೊಂಬತ್ತು ಗಡ್ಡೆ ಸೇರಿಸಿ ಗೋಣಿಚೀಲ ಹೊದಿಸಿ ನೀರು ಹಾಕಿದರು.

ಮಾರನೆಯ ದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಅರ್ಜಿಯ ನಕಲು ನನ್ನ ಜೇಬಿನಲ್ಲಿತ್ತು.

"ಓದಿ ಮೇಷ್ಟ್ರೇ," ಎಂದರು. "ಪೂರ್ತಿ ಓದಿ."

ಓದಿದೆ. ಈ ಸಲ ಕೊನೆಯ ಸಾಲನ್ನೂ ಬಿಡಿಸಿ ಹೇಳಿದೆ. ಕೆಂಚಮ್ಮ "ಇದ್ನ ನಾನು ಹೇಳಿರ್ಲಿಲ್ಲ" ಎಂದರು. ಆಮೇಲೆ, ಅವರ ಗುಣವೇ ಹಾಗೆ, "ಕಾಪಿ ಕುಡೀರಿ" ಎಂದು ಒಳಗೆ ಹೋದರು. ಆ ಕಾಪಿಯನ್ನು ನಾನು ಹೇಗೆ ಕುಡಿದೆನೋ ಗೊತ್ತಿಲ್ಲ.

ಗಡ್ಡೆಗಳಿಗಾಗಿ ಜಾಗ ಕೇಳಿಕೊಂಡು ನಾವಿಬ್ಬರೂ ಮೂರು ವಾರ ಅಲೆದೆವು. ಶಂಭುಲಿಂಗಯ್ಯನವರು ತೀರಿಕೊಂಡಿದ್ದರು, ಅವರ ಮಕ್ಕಳು ಬದುವಿನವರೆಗೂ ಅಡಿಕೆ ಇಟ್ಟಿದ್ದರು. ಪಂಚಾಯಿತಿಯವರು ಮೇದರಿಗೆ ಒಮ್ಮೆ ಜಾಗ ಕೊಟ್ಟಾಗಿದೆಯಲ್ಲ ಎಂದರು. ಮೇ ತಿಂಗಳ ಬಿಸಿಲಿಗೆ ಗೋಣಿಚೀಲದಡಿಯಲ್ಲಿ ಗಡ್ಡೆಗಳು ಒಣಗಿ ಸೌದೆಯಾದವು. ಭಾನುಪ್ರಿಯಾ ಅವನ್ನು ಒಲೆಗೆ ಹಾಕಿದಳು.

ಕಟ್ಟಡ ಎದ್ದಿತು. ಉದ್ಘಾಟನೆಗೆ ಕೆಂಚಮ್ಮನನ್ನು ವೇದಿಕೆಯಲ್ಲಿ ಕೂರಿಸಿ ಶಾಲು ಹೊದಿಸಿದರು. ಇಪ್ಪತ್ತು ದಿನದ ತರಬೇತಿ ನಡೆಯಿತು. ಅದಕ್ಕೆ ಬೇಕಾದ ಬಿದಿರನ್ನು ಎಲ್ಲಿಂದಲೋ ವ್ಯಾನಿನಲ್ಲಿ ತಂದಿದ್ದರು. ಪೆನ್ನಿನ ಡಬ್ಬಿ, ದೀಪದ ಶೇಡು ಹೆಣೆಯುವುದನ್ನು ಕಲಿಸಿದರು. ಐವತ್ತು ವರ್ಷ ಹೆಣೆದ ಕೈಗೆ ತರಬೇತಿ ಪಡೆದವರು ಎಂದು ಸರ್ಟಿಫಿಕೇಟು ಕೊಟ್ಟರು. ವ್ಯಾನು ಹೋದ ಮೇಲೆ ಮೆಷಿನ್ನಿಗೆ ಹಾಕಲು ಒಂದು ಬಿದಿರಿನ ದಬ್ಬೆಯೂ ಇರಲಿಲ್ಲ. ಎರಡು ವರ್ಷದಿಂದ ಆ ಕಟ್ಟಡದಲ್ಲಿ ಪಂಚಾಯಿತಿಯ ಪೈಪು, ಬ್ಲೀಚಿಂಗ್ ಪೌಡರಿನ ಚೀಲ ಇವೆ.

ಕೇರಿಯ ಹೆಂಗಸರು ಈಗ ತೆಂಗಿನ ನಾರಿನ ಫ್ಯಾಕ್ಟರಿಗೆ ಹೋಗುತ್ತಾರೆ. ಮಟ್ಟೆಯ ದೂಳಿಗೆ ಇಬ್ಬರಿಗೆ ಕೆಮ್ಮು ಹತ್ತಿದೆ. ಭಾನುಪ್ರಿಯಾ ತುಮಕೂರಿನ ಗಾರ್ಮೆಂಟ್ಸಿನಲ್ಲಿದ್ದಾಳೆ; ಮಗುವನ್ನು ತವರಿನಲ್ಲಿ ಬಿಟ್ಟಿದ್ದಾಳೆ. ಕೆಂಚಮ್ಮ ಯಾರದೋ ಅಂಗಳದಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆಕಡ್ಡಿ ಹೆರೆಯುತ್ತಾರೆ.

ಹೋದ ತಿಂಗಳು ನೋಡಲು ಹೋಗಿದ್ದೆ. ಹಬ್ಬಕ್ಕೆ ಬಂದಿದ್ದ ಮೊಮ್ಮಗಳು ಪಕ್ಕದಲ್ಲಿ ಆಡುತ್ತಿದ್ದಳು. "ಇವಳಿಗೆ ಹೆಣೆಯೋದು ಕಲಿಸ್ತೀರಾ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

"ಯಾತ್ರಲ್ಲಿ ಕಲಿಸ್ಲಿ ಮೇಷ್ಟ್ರೇ?" ಎಂದರು. ತಲೆಯೆತ್ತಲಿಲ್ಲ. "ನಮ್ಮತ್ತೆ ನಂಗೆ ಕಲಿಸಿದ್ಲು. ನನ್ನತ್ರಕ್ಕೇ ಮುಗೀತು. ಬುಡಿ."

ಅವರ ಕೈ ಕಡ್ಡಿ ಹೆರೆಯುತ್ತಲೇ ಇತ್ತು. ನನಗೆ ಕೂರುವುದಕ್ಕೂ ಆಗಲಿಲ್ಲ, ಎದ್ದು ಬರುವುದಕ್ಕೂ ಆಗಲಿಲ್ಲ.