ವಿಲ್ಫ್ರೆಡ್ ಸಗ್ಡನ್ನರ ಮೌನ

ಉತ್ತರ ಇಂಗ್ಲೆಂಡಿನ ರಂಗಭೂಮಿಯಲ್ಲಿ ಮಾತನ್ನು ಚೆನ್ನಾಗಿ ಆಡಿದವರು ಅನೇಕರು. ಮಾತಿಗೆ ಮುಂಚಿನ ಮೌನದಿಂದಲೇ ಸಭಿಕರನ್ನು ಹಿಡಿದಿಟ್ಟವರು ಶ್ರೀ ವಿಲ್ಫ್ರೆಡ್ ಸಗ್ಡನ್. ಐವತ್ತೆರಡು ವರ್ಷಗಳ ಅಭಿನಯದಿಂದ ನಿವೃತ್ತರಾಗುತ್ತಿರುವ ಅವರ ಕುರಿತು ಬರೆಯಲು ನನಗಿಂತ ಅರ್ಹರಿದ್ದಾರೆ. ಆದರೆ ಒಂದು ಸಂಗತಿಯನ್ನು ನಾನಲ್ಲದೆ ಬೇರಾರೂ ಬರೆಯಲಾರರು.

ಹ್ಯಾಲಿಫ್ಯಾಕ್ಸಿನ ಉಣ್ಣೆ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಅವರು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನಮ್ಮ ನಾಟಕ ತಂಡಕ್ಕೆ ಬಂದರು. ವಾರಕ್ಕೊಂದು ಹೊಸ ನಾಟಕ ಆಡುತ್ತಿದ್ದ ಆ ದಿನಗಳಲ್ಲೂ ಒಂದು ಸಾಲೂ ತಪ್ಪಿದವರಲ್ಲ. ಬಹಳ ವರ್ಷಗಳ ಮೇಲೆ ನಾನು ಕಾಲೇಜು ಮುಗಿಸಿ, ನಟರು ಮರೆತ ಮಾತನ್ನು ಮರೆಯಿಂದ ಎತ್ತಿಕೊಡುವ ಪ್ರಾಂಪ್ಟರ್ ಆಗಿ ಸೇರಿದಾಗ, ನೇಪಥ್ಯದ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಹಸಿದು ಕುಳಿತಿದ್ದವಳ ಕೈಗೆ ತಮ್ಮ ಬಿಸಿ ಮಾಂಸದ ಪೈಯಲ್ಲಿ ಅರ್ಧ ಮುರಿದುಕೊಟ್ಟರು.

"ತಿನ್ನಮ್ಮ ಮರಿಯನ್. ನಿನ್ನ ಹೊಟ್ಟೆ ಗುರುಗುಟ್ಟಿದ್ರೆ ಹಿಂದಿನ ಸಾಲಿನೋರು ಅದು ನನ್ನ ಡೈಲಾಗು ಅಂದ್ಕೋತಾರೆ."

ನಾನು ಸೇರಿದ ಮೂರನೆಯ ವರ್ಷದ ಒಂದು ನಾಟಕದಲ್ಲಿ ಅವರು ತಂದೆ. ಹಿಮ ಬೀಳುವಾಗ ಅಮ್ಮನನ್ನು ಹೊರಗಿಟ್ಟವರು ಯಾರೆಂದು ಮಗಳು ಕೇಳುತ್ತಾಳೆ. "ಬಾಗಿಲು ಹಾಕಿದ್ದು ನಾನೇ" ಎಂಬುದು ಉತ್ತರ. ಅದಕ್ಕೆ ಮುಂಚೆ ನಾಲ್ಕು ಎಣಿಕೆಯಷ್ಟು ಮೌನವೆಂದು ನಾನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಪತ್ರಿಕೆಯವರು ಬಂದಿದ್ದ ಮೊದಲ ಪ್ರದರ್ಶನದಲ್ಲಿ ನಾಲ್ಕು ದಾಟಿತು, ಐದು, ಆರು. ಮಾತು ಮರೆತ ನಟ ನೇಪಥ್ಯದತ್ತ ಕಣ್ಣು ಹೊರಳಿಸುತ್ತಾನೆ, ಅವರು ಹೊರಳಿಸಲಿಲ್ಲ. ಅದನ್ನು ನೋಡಿಯೂ, ಏಳಕ್ಕೆ ನಾನು ತಾಳಲಾರದೆ ಆ ಮಾತನ್ನು ಎತ್ತಿಕೊಟ್ಟೆ. ಮುಂದಿನ ಸಾಲುಗಳಿಗೆಲ್ಲ ಕೇಳಿಸಿತು. ಯಾರೋ ನಕ್ಕರು.

ಪರದೆ ಬಿದ್ದೊಡನೆ ನಿರ್ದೇಶಕ ಗಿಲ್ಬರ್ಟ್ ಪ್ರಯರ್ ಧಾವಿಸಿ ಬಂದರು. "ಏನಾಯ್ತೋ ವಿಲ್ಫ್?"

"ಮರೆತೇಹೋಯ್ತು ಮಾರಾಯ. ಈ ಹುಡುಗಿ ಇಲ್ದಿದ್ರೆ ಮುಳುಗಿಹೋಗ್ತಿದ್ದೆ."

ನಾನು ಪುಸ್ತಕ ಮುಚ್ಚಿ ಸುಮ್ಮನೆ ನಿಂತೆ.

ಸಗ್ಡನ್ನರಿಗೆ ನೆನಪು ಕೈಕೊಡುತ್ತಿದೆ ಎಂದು ಪತ್ರಿಕೆ ಬರೆಯಿತು. ಮುಂದಿನ ವರ್ಷದ ನಾಟಕಗಳಲ್ಲಿ ಅವರಿಗೆಂದೇ ಇಟ್ಟಿದ್ದ ಮುಖ್ಯ ಪಾತ್ರ ಇನ್ನೊಬ್ಬರಿಗೆ ಹೋಯಿತು; ಆಮೇಲೆ ರಂಗದಿಂದ ಕರೆಯೇ ಬರಲಿಲ್ಲ. ಟೆಲಿವಿಷನ್ನಿನಲ್ಲಿ ಹನ್ನೊಂದು ವರ್ಷ ಠಾಣೆಯ ಮೇಜಿನ ಹಿಂದೆ ಕುಳಿತ ಸಾರ್ಜೆಂಟರಾಗಿ, ಚಲನಚಿತ್ರಗಳಲ್ಲಿ ಎರಡೇ ಮಾತಿನ ವೈದ್ಯರಾಗಿ, ಪಾದ್ರಿಯಾಗಿ ಅವರು ಮನೆಮನೆಗೂ ಪರಿಚಿತರಾದರು. ಆ ಪ್ರದರ್ಶನ ಅವರಿಗೆ ಒಳ್ಳೆಯದನ್ನೇ ಮಾಡಿತೆಂದು ಈ ಅಭಿನಂದನ ಸಂಪುಟದಲ್ಲೇ ಕೆಲವರು ಬರೆದಿರಬಹುದು. ಆ ಏಳು ಎಣಿಕೆಗಳನ್ನು ಹತ್ತಿರದಿಂದ ನೋಡಿದ ನನಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಇದನ್ನು ಬರೆಯುತ್ತೇನೆಂದು ಕಳೆದ ವಾರ ಅವರಿಗೆ ಫೋನಿನಲ್ಲಿ ತಿಳಿಸಿದೆ.

"ಬೇಡ ಕಣಮ್ಮ," ಎಂದರು. "ಈಗ ನಿಜವಾಗ್ಲೂ ಮರೆವು ಬಂದಿದೆ. ಯಾರು ನಂಬ್ತಾರೆ?"

ನಂಬುವವರು ನಂಬಲಿ. ಅಂದು ಸಗ್ಡನ್ ಅವರು ಏನನ್ನೂ ಮರೆತಿರಲಿಲ್ಲ. ಬಾಗಿಲು ಹಾಕಿದ್ದು ನಾನೇ.

ಬರುವ ತಿಂಗಳು ನಮ್ಮ ಊರಿನ ಗ್ರಂಥಾಲಯದಲ್ಲಿ ಅವರು ನಾಟಕಗಳ ಆಯ್ದ ಭಾಗಗಳನ್ನು ಓದಲಿದ್ದಾರೆ. ಅವರಿಗೆ ಆಯುಸ್ಸು, ಆರೋಗ್ಯ, ಇಂಥ ಇನ್ನೂ ಹಲವು ಸಂಜೆಗಳು ದೊರೆಯಲಿ. ನಾನು ಮುಂದಿನ ಸಾಲಿನಲ್ಲೇ ಕುಳಿತಿರುತ್ತೇನೆ. ಅವರು ಎಷ್ಟು ಹೊತ್ತು ಸುಮ್ಮನಿದ್ದರೂ ಎಣಿಸುವುದಿಲ್ಲ.