ಒಂದು ಪ್ರಕರಣದ ನಿರೀಕ್ಷೆ

ಸ್ಕೂಟರಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ಹೋಗುವವರೆಲ್ಲ ಮೀನು ಮಾರುವವರೆಂಬುದು ಪುತ್ತೂರು, ಕಡಬದ ಕಡೆಯ ದೃಢನಂಬಿಕೆ. ನನ್ನ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಮಲಗಿರುವುದು ಬಂಗುಡೆಯಲ್ಲ, ಮನುಷ್ಯರ ರಕ್ತ ಎಂಬುದನ್ನು ಪಾತ್ರೆ ಹಿಡಿದು ರಸ್ತೆಗಿಳಿದ ಗೃಹಿಣಿಯರಿಗೆ ವಿವರಿಸುವುದರಲ್ಲಿಯೇ ನನ್ನ ಪಿಎಚ್.ಡಿ.ಯ ಮೊದಲ ವರ್ಷ ಕಳೆಯಿತೆಂದರೆ ಓದುಗರು ನಂಬಬೇಕು. ನನ್ನ ವಿಷಯ ಸಾಂಕ್ರಾಮಿಕ ರೋಗಶಾಸ್ತ್ರ, ಅದರೊಳಗೆ ಇಲಿಜ್ವರ. ಬರಿಗಾಲಲ್ಲಿ ಕೊಟ್ಟಿಗೆ ತೊಳೆಯುವ, ಕೆಸರಿನಲ್ಲಿ ದುಡಿಯುವ ಜನರ ಮನೆಗಳಿಗೆ ನಾಲ್ಕು ತಿಂಗಳಿಗೊಮ್ಮೆ ಹೋಗಿ ರಕ್ತ ತೆಗೆಯುವುದು, ಯಾರಿಗೆ ಯಾವಾಗ ಸೋಂಕು ತಗಲಿತೆಂದು ಕಂಡುಹಿಡಿಯುವುದು ನನ್ನ ಕಾಯಕ.

ನಮ್ಮ ಶಾಸ್ತ್ರದಲ್ಲಿ ರೋಗಿಗೆ ‘ಪ್ರಕರಣ’ವೆಂದು ಹೆಸರು. ಹಳೆಯ ಗ್ರಂಥಗಳಲ್ಲಿ ಅಧ್ಯಾಯಕ್ಕೂ ಪ್ರಕರಣವೆಂದೇ ಹೇಳುತ್ತಾರೆ. ಪ್ರಕರಣಗಳಿಲ್ಲದೆ ಮಹಾಪ್ರಬಂಧಕ್ಕೆ ಪ್ರಕರಣಗಳಿಲ್ಲ ಎಂಬುದು ನನ್ನ ದುರವಸ್ಥೆ. ನನ್ನ ಪಟ್ಟಿಯಲ್ಲಿದ್ದವರೆಲ್ಲ ಗಟ್ಟಿಮುಟ್ಟಾಗಿದ್ದರು, ಕಂಗಾಲಾಗಿದ್ದವಳು ನಾನೊಬ್ಬಳೇ. “ಈ ಮಳೆಗಾಲದಲ್ಲಾದರೂ ಸಿಗಬಹುದು” ಎಂದು ನನ್ನ ಮಾರ್ಗದರ್ಶಕರು ಸಮಾಧಾನ ಹೇಳುತ್ತಿದ್ದರು. ನಾವು ಹಾರೈಸುತ್ತಿದ್ದುದು ಏನನ್ನೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಇಚಿಲಂಪಾಡಿಯ ಕಮಲಕ್ಕ ಸೂಜಿಗೆ ಹೆದರದವರು. ಎರಡು ದನ, ಒಬ್ಬಳು ಮಗಳು, ಬಾಯ್ತುಂಬ ಮಾತು. ಗಂಬೂಟು ಹಾಕಿಕೊಳ್ಳಿ ಎಂದರೆ, “ಅದು ಹಾಕಿದ್ರೆ ದನಕ್ಕೆ ನನ್ನ ಗುರ್ತ ಸಿಕ್ಕುದಿಲ್ಲ ಮಾರಾಯ್ರೆ” ಎಂದು ನಗುತ್ತಿದ್ದರು. ಪ್ರತಿ ಸಲವೂ ತೋಳು ಚಾಚುತ್ತ, “ಇದರಲ್ಲಿ ಎಂತ ಉಂಟು ಅಂತ ಹೇಳುದು ಯಾವಾಗ?” ಎಂದು ಕೇಳುತ್ತಿದ್ದರು.

“ಎಲ್ಲರದ್ದೂ ಸೇರಿದ ಮೇಲೆ ಒಟ್ಟಿಗೆ ಪರೀಕ್ಷೆ ಮಾಡುದು ಕಮಲಕ್ಕ.”

ನಾಲ್ಕನೆಯ ಭೇಟಿಗೆ ದಿನ ಗೊತ್ತುಮಾಡಲು ಫೋನ್ ಮಾಡಿದಾಗ ಎತ್ತಿದವಳು ಮಗಳು ವನಿತಾ.

“ಅಮ್ಮ ಇಲ್ಲ ಮೇಡಂ. ಹೋಗಿ ಹನ್ನೊಂದು ದಿನ ಆಯ್ತು. ಜ್ವರ ಅಂತ ಗುಳಿಗೆ ತಿಂದು ಮಲಗಿದ್ರು. ಆಸ್ಪತ್ರೆಗೆ ಕೊಂಡೋಗುವಾಗ ಕಣ್ಣೆಲ್ಲ ಹಳದಿ. ಇಲಿಜ್ವರ ಅಂತೆ.”

ಅಳು ಬರುವುದಕ್ಕೆ ಮೊದಲು ನನ್ನ ಮನಸ್ಸು ಎಣಿಸಿತು: ಒಂದು. ಈ ಮಾತನ್ನು ಬರೆಯದೆ ಬಿಡಬಹುದಿತ್ತು. ಆದರೆ ಅದು ನಿಜ.

ಮರುದಿನವೇ ಹೋದೆ. ವನಿತಾ ಜಗಲಿಯಲ್ಲಿ ಕುಳ್ಳಿರಿಸಿ ಕೇಳಿದಳು, “ಮೂರು ಸಲ ರಕ್ತ ಕೊಂಡೋದ್ರಲ್ಲ, ಅದರಲ್ಲಿ ಎಂತ ಇತ್ತು?”

“ಇನ್ನೂ ನೋಡ್ಲಿಲ್ಲ” ಎಂದೆ.

ಅವಳು ಬೈಯಲಿಲ್ಲ. ಎದ್ದು ಒಳಗೆ ಹೋದಳು.

ಮಾರ್ಗದರ್ಶಕರ ಅನುಮತಿ ಪಡೆದು ಕಮಲಕ್ಕನ ಸಂಖ್ಯೆ ಹೊತ್ತ ಆ ಮೂರು ನಳಿಕೆಗಳನ್ನು ಉಳಿದವರದಕ್ಕಿಂತ ಮೊದಲೇ ಪರೀಕ್ಷಿಸಿದೆ. ಮೂರರಲ್ಲಿಯೂ ಸೋಂಕಿನ ಸುಳಿವಿರಲಿಲ್ಲ. ಆಗಲೇ ನೋಡಿದ್ದರೂ ಕಮಲಕ್ಕ ಉಳಿಯುತ್ತಿರಲಿಲ್ಲವೆಂದು ಶಾಸ್ತ್ರ ನನ್ನನ್ನು ಖುಲಾಸೆ ಮಾಡಿತು. ನನಗೆ ಆ ಖುಲಾಸೆ ಒಗ್ಗಲಿಲ್ಲ. ಹೋದಾಗಲೆಲ್ಲ ನನ್ನ ಪ್ರಶ್ನಾವಳಿಯಂತೆ “ಕಳೆದ ನಾಲ್ಕು ತಿಂಗಳಲ್ಲಿ ಜ್ವರ ಬಂದಿತ್ತಾ?” ಎಂದು ಕೇಳಿದ್ದೆ. ಮುಂದೆ ಬಂದರೆ ಅದೇ ದಿನ ನನಗೊಂದು ಫೋನ್ ಮಾಡಿ ಎಂದು ಒಮ್ಮೆಯೂ ಹೇಳಿರಲಿಲ್ಲ. ಅದು ಪ್ರಶ್ನಾವಳಿಯಲ್ಲಿ ಇರಲಿಲ್ಲ. ಜ್ವರ ಬಂದ ಮೊದಲ ದಿನವೇ ಮದ್ದು ಸಿಕ್ಕರೆ ಬದುಕಬಹುದಾದ ಕಾಯಿಲೆಯಿದು. ಊರಿನಲ್ಲಿ ಅದನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವಳು ನಾನು.

ಫಲಿತಾಂಶ ಹೇಳಲು ಮತ್ತೆ ಹೋದೆ. ವನಿತಾ ಕೇಳಿಸಿಕೊಂಡು, “ಹಾಗಾದ್ರೆ ಆಗ ಅಮ್ಮ ಸರಿ ಇದ್ರು” ಎಂದಳು. ಆಮೇಲೆ, “ಅದೊಂದು ಕಾಗದದಲ್ಲಿ ಬರ್ದು ಕೊಡ್ತೀರಾ?”

ಇಷ್ಟು ವರ್ಷಗಳಲ್ಲಿ ನನ್ನ ಸಂಶೋಧನೆಯನ್ನು ಕೇಳಿ ಪಡೆದವಳು ಅವಳೊಬ್ಬಳೇ. ನೋಟ್‌ಬುಕ್ಕಿನ ಹಾಳೆ ಹರಿದು, ಮೂರು ಸಾಲು ಬರೆದು, ಸಹಿ ಹಾಕಿ ಕೊಟ್ಟೆ. ಅವಳು ಎರಡು ಸಲ ಓದಿದಳು.

“ಇದರಲ್ಲಿ ಅಮ್ಮನ ಹೆಸರು ಇಲ್ಲ ಮೇಡಂ. ನಂಬರು ಮಾತ್ರ ಉಂಟು.”

ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು ಸಂಖ್ಯೆಯ ಮೇಲೆ ಗೀಟು ಎಳೆದೆ. ಪೆನ್ನು ಅಲ್ಲಿಯೇ ನಿಂತಿತು. ಅವರ ಪೂರ್ತಿ ಹೆಸರೇನೆಂದು ವನಿತಾಳನ್ನೇ ಕೇಳಬೇಕಾಯಿತು.